ಮನೆ ಬಿಟ್ಟು ಹೊರಡುವ ಮನಸ್ಸು
(ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)

 

ಈ ಹೊತ್ತು ನನಗೆ ಗೊತ್ತುಪಡಿಸಿದ ವಿಷಯವು ಪ್ರವಾಸ. ಮನುಷ್ಯನು ಊರು ಬಿಟ್ಟು ಏಕೆ ಹೊರಡುತ್ತಾನೆ, ಹೊರಟವನು ಏಕೆ ಹಿಗ್ಗುತ್ತಾನೆ ಎಂಬದನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಅಪ್ಪಣೆಯಾಗಿದೆ. ಈ ವಿಷಯವನ್ನು ಎತ್ತಿದೊಡನೆ, ದೇಶ ಸುತ್ತಿದರೆ ಜ್ಞಾನ ಬರುತ್ತದೆಂದು ಹೇಳಿ ಮುಗಿಸಿಬಿಡುವದು ವಿದ್ವಾಂಸರ ವಾಡಿಕೆ. ಅದು ಸುಳ್ಳಲ್ಲ, ಆದರೆ ಜ್ಞಾನಕ್ಕಾಗಿ ಚಕ್ಕಡಿ ಹೂಡಿದವನನ್ನು ನಮ್ಮ ತೊರಗಲ್ಲ ನಾಡಿನಲ್ಲಿ ನಾನಂತೂ ಕಂಡಿಲ್ಲ.

ಪ್ರತಿವರ್ಷ ಮಾಘಮಾಸದ ಭರತ ಹುಣ್ಣಿಮೆಯು ಸಮೀಪಿಸಿತೆಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ ಸೀಮೆಯ ಹಳ್ಳಿಗಳಿಂದ ಉಳವಿಯ ಚನ್ನಬಸವೇಶ್ವರನ ಜಾತ್ರೆಗೆ ಚಕ್ಕಡಿಗಳು ಹೊರಡುವದನ್ನು ತಾವೆಲ್ಲರೂ ಬಲ್ಲಿರಿ. ತಮ್ಮಲ್ಲಿ ಹಲವರು ಹೋಗಿ ಬಂದವರೇ ಇರುವಿರಿ. ಉಳವಿಯು ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲೂಕಿನ ಅಡವಿಯೊಳಗಿನ ಕ್ಷೇತ್ರ. ಬೈಲಹೊಂಗಲದಿಂದ ಧಾರವಾಡ, ದಾಂಡೇಲಿಗಳನ್ನು ಹಾಯ್ದು ಹೋಗುವ ದಾರಿಯು ನೂರು ಕಿಲೋಮೀಟರಿಗೆ ಮಿಕ್ಕಿದ್ದು. ಮೋಟಾರಿನಲ್ಲಿ ಮುಂಜಾನೆ ಹೊರಟವನು ಮಧ್ಯಾಹ್ನದೊಳಗೆ ಗದ್ದುಗೆಗೆ ಹಣೆ ಮಣಿಯಬಹುದು. ಚಕ್ಕಡಿಯವನಿಗೆ ಅದೇ ದಾರಿಗೆ ದಿನಗಳೇ ಬೇಕು. ಮಾಘದ ಚಳಿ, ಬಯಲಿನ ವಸ್ತಿ, ಎತ್ತಿನ ಕಾಲಿನ ಚಿಂತೆ ಇವೆಲ್ಲ ಮೇಲಿನ ಮಾತು. ದರ್ಶನವೊಂದೇ ಕಾರಣವಾಗಿದ್ದಲ್ಲಿ ಈ ಚಕ್ಕಡಿಗಳು ಎಂದೋ ನಿಂತುಹೋಗುತ್ತಿದ್ದವು. ಅವು ನಿಂತಿಲ್ಲ. ಆದುದರಿಂದ, ಕೇಳಿದವರಿಗೆ ಹೇಳುವ ಕಾರಣವು ಒಂದೇ ಆದರೂ ಒಳಗಿನ ಕಾರಣಗಳು ಚಕ್ಕಡಿಯಲ್ಲಿ ಕುಳಿತ ತಲೆಗೊಂದೊಂದು ಇರಬೇಕೆಂದು ನಾನು ತಿಳಿಯುತ್ತೇನೆ.

ಆ ಮುಂದಿನ ಚಕ್ಕಡಿಯ ಯಜಮಾನನನ್ನು ನೋಡಿರಿ. ಆತನಿಗೆ ಜಾತ್ರೆಯೆಂದರೆ ಆತನ ಕಿಲಾರಿ ಜೋಡಿ. ಹೊಲದ ಕೆಲಸವನ್ನೆಲ್ಲ ಈಗ ಟ್ರ್ಯಾಕ್ಟರು ಮಾಡುತ್ತಿರುವಾಗ ಎತ್ತುಗಳ ನಡಿಗೆಯನ್ನು ನಾಲ್ಕು ಮಂದಿಗೆ ತೋರಿಸಲಿಕ್ಕೆ ಆತನಿಗೆ ಉಳಿದಿರುವದು ಈ ಒಂದು ದಾರಿಯೇ. ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಬೆನ್ನಿಗೆ ಜೂಲ. ತನ್ನ ಅಂಗಿಯು ಹಳೆಯದಿದ್ದರೂ ಚಿಂತೆಯಿಲ್ಲ. ಆತನ ಹಿಂದೆ ಕುಳಿತ ತಮ್ಮನಿಗೆ ಅಡವಿಯದೇ ಹುಚ್ಚು. ನಮ್ಮದು ಎರೆಯ ಸೀಮೆ. ಜೋಳದ ಸುಗ್ಗಿ ಮುಗಿದ ಮೇಲೆ ಕಣ್ಣು ಹಾಯಿಸಿದರೆ ಮುಂದಿನ ಊರಿನ ಗುಡಿಯ ಶಿಖರದವರೆಗೆ ಅಡ್ಡಿಯೇ ಇರುವದಿಲ್ಲ. ದಾಂಡೇಲಿಯನ್ನು ದಾಟಿದ ಮೇಲೆ ಹತ್ತು ಮಾರು ಮುಂದೆ ಏನಿದೆಯೆಂಬದು ತಿಳಿಯುವದಿಲ್ಲ. ಎಲ್ಲವನ್ನೂ ದೂರದಿಂದಲೇ ಕಂಡು ರೂಢಿಯಾದ ಕಣ್ಣಿಗೆ, ಕಾಣದಿರುವದೂ ಒಂದು ಹಬ್ಬ.

ಇನ್ನು ಮನೆಯ ಸೊಸೆ. ಈಕೆಯು ದಾರಿಯಲ್ಲಿಯೂ ಮೂರು ಕಲ್ಲು ಹೂಡಿ ಒಲೆ ಹಚ್ಚಬೇಕು. ಆದರೂ ಈಕೆಯ ಮುಖದಲ್ಲಿ ಕಳೆಯುಂಟು. ಕಟಕ ರೊಟ್ಟಿಯ ಗಂಟು, ಶೇಂಗಾದ ಹಿಂಡಿ, ಮಾದಲಿ ಇವು ಮನೆಯಿಂದಲೇ ಬಂದಿರುತ್ತವೆ. ಒಲೆಯ ಕೆಲಸವು ಅಷ್ಟಕ್ಕಷ್ಟೇ. ಎಲ್ಲರೂ ಉಂಡ ಮೇಲೆ ಅಡಿಗೆಯ ಮನೆಯಲ್ಲಿ ಒಬ್ಬಳೇ ಉಣ್ಣುವವಳು ಇಲ್ಲಿ ಎಲ್ಲರೊಡನೆ ಮರದ ನೆರಳಿನಲ್ಲಿ ಕೂಡ್ರುತ್ತಾಳೆ. ಅವಳ ಪ್ರವಾಸವೆಲ್ಲ ಆ ಒಂದು ಪಂಕ್ತಿಯಲ್ಲಿದೆ. ಅದೇ ವರ್ಷ ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ಚಕ್ಕಡಿಯ ಮೂಲೆಯಲ್ಲಿ ಸುಮ್ಮನೆ ಕುಳಿತಿರುತ್ತಾಳೆ. ಊರಿನಲ್ಲಿ ಎದುರಾದವರೆಲ್ಲರ ಕಣ್ಣುಗಳೂ ಅವಳನ್ನು ಮಾತನಾಡಿಸುತ್ತವೆ. ದಾರಿಯಲ್ಲಿ ಅವಳು ಬರಿಯ ಜಾತ್ರೆಯವಳು. ಗುರುತಿಲ್ಲದಿರುವದೂ ಒಂದು ವಿಶ್ರಾಂತಿಯಲ್ಲವೇ! ಸಾಲದ ವಸೂಲಿಯವರು ಊರಿಗೆ ಬರುವ ವಾರವನ್ನೇ ನೋಡಿ ಭಕ್ತಿ ಉಕ್ಕಿ ಹೊರಡುವವರೂ ಉಂಟು. ಅವರನ್ನು ಚನ್ನಬಸವಣ್ಣನು ಹಿಂದಕ್ಕೆ ಕಳಿಸಿದನೆಂದು ನಾನು ಕೇಳಿಲ್ಲ.

ಹೆಣ್ಣುಮಕ್ಕಳ ಮಾತು ಬಂದುದರಿಂದ ಇನ್ನೊಂದನ್ನು ಹೇಳಿಬಿಡುತ್ತೇನೆ. 2023ನೆಯ ಇಸವಿಯ ಜೂನ್ 11ರಂದು ರಾಜ್ಯ ಸರಕಾರವು ತನ್ನ ಸಾಮಾನ್ಯ ಬಸ್ಸುಗಳಲ್ಲಿ ಈ ರಾಜ್ಯದ ಸ್ತ್ರೀಯರಿಗೆ ಟಿಕೇಟಿನ ಹಣವಿಲ್ಲದ ಪ್ರಯಾಣವನ್ನು ಆರಂಭಿಸಿತು. ಕೆಲವೇ ದಿನಗಳಲ್ಲಿ ಸವದತ್ತಿಯ ಎಲ್ಲಮ್ಮನ ಗುಡ್ಡ, ಧರ್ಮಸ್ಥಳ ಮೊದಲಾದ ಕ್ಷೇತ್ರಗಳಲ್ಲಿ ಹೆಣ್ಣುಮಕ್ಕಳ ದಟ್ಟಣೆಯಾಯಿತು. ಪುಕ್ಕಟೆಯಾದುದರಿಂದ ತಿರುಗುತ್ತಾರೆಂದು ನಕ್ಕವರು ಬಹಳ. ಆ ನಗೆಯು ನನಗೆ ಸೇರಲಿಲ್ಲ. ಪುಕ್ಕಟೆಯಾದ ವಸ್ತುವಿನಿಂದ ಆಶೆಯು ಹುಟ್ಟುವದಿಲ್ಲ. ಮೊದಲೇ ಇದ್ದ ಆಶೆಯು ಹೊರಬೀಳುತ್ತದೆ. ಗುಡ್ಡವನ್ನು ದಿನಾಲು ದೂರದಿಂದ ಕಂಡು, ಬಸ್ಸಿನ ಹಣವನ್ನು ಗಂಡನ ಹತ್ತಿರ ಬೇಡಲಾರದೆ ವರ್ಷಗಟ್ಟಲೆ ಸುಮ್ಮನಿದ್ದವಳು ಒಂದು ಮಂಗಳವಾರ ಬಸ್ಸನ್ನೇರಿದರೆ ಅವಳು ಹರಕೆಯನ್ನು ತೀರಿಸಲಿಕ್ಕೆ ಹೋದಳೋ, ಅಕ್ಕನನ್ನು ಕಾಣಲಿಕ್ಕೆ ಹೋದಳೋ, ಬರಿದೆ ಕಿಟಕಿಯ ಮಗ್ಗುಲಿಗೆ ಕೂಡ್ರಲಿಕ್ಕೆ ಹೋದಳೋ, ಕೇಳುವ ಅಧಿಕಾರವು ನಮಗೆಲ್ಲಿಯದು?

ಹೇಳುವ ಕಾರಣವು ಬೇರೆ, ಒಳಗಿನ ಎಳೆತವು ಬೇರೆ ಎಂಬದಕ್ಕೆ ಪರದೇಶದ ಒಂದು ಉದಾಹರಣೆಯನ್ನು ಕೊಡುತ್ತೇನೆ. ಮೊರಾಕ್ಕೋ ದೇಶದ ಟ್ಯಾಂಜಿಯರ್ ಪಟ್ಟಣದ ಇಬ್ನ್ ಬತೂತನೆಂಬ ತರುಣನು 1325ರಲ್ಲಿ, ತನ್ನ 21ನೆಯ ವಯಸ್ಸಿನಲ್ಲಿ, ಮಕ್ಕೆಯ ಯಾತ್ರೆಗೆಂದು ಒಬ್ಬನೇ ಮನೆ ಬಿಟ್ಟನು. ತಂದೆತಾಯಿಗಳನ್ನು ಬಿಟ್ಟು ಬರುವಾಗ ಬಹಳ ದುಃಖಪಟ್ಟೆನೆಂದು ತಾನೇ ಹೇಳಿಕೊಂಡಿದ್ದಾನೆ. ಮಕ್ಕೆಯ ದರ್ಶನವಾಯಿತು, ಆದರೆ ಕಾಲು ನಿಲ್ಲಲಿಲ್ಲ. ದಿಲ್ಲಿಯನ್ನು ಕಂಡನು, ನಮ್ಮ ಉಳವಿಯಿರುವ ಜಿಲ್ಲೆಯದೇ ಕರಾವಳಿಯ ಹೊನ್ನಾವರಕ್ಕೂ ಬಂದನು. ಅಲ್ಲಿ ಹುಡುಗಿಯರಿಗೆ 13 ಶಾಲೆಗಳು, ಹುಡುಗರಿಗೆ 23 ಶಾಲೆಗಳು ಇದ್ದವೆಂದು ಲೆಕ್ಕವಿಟ್ಟಿದ್ದಾನೆ. ಯಾತ್ರಿಕನಿಗೆ ಶಾಲೆಗಳ ಲೆಕ್ಕವೇತಕ್ಕೆ? ಆದರೆ ಆತನ ಸಂತೋಷವೇ ಅದು. ಆತನು ತಿರುಗಿ ಮೊರಾಕ್ಕೋವನ್ನು ಸೇರಿದ್ದು 1349ರಲ್ಲಿ. ತಂದೆಯು ಹದಿನೈದು ವರ್ಷಗಳ ಹಿಂದೆಯೇ ತೀರಿಹೋದನೆಂಬ ಸುದ್ದಿಯು ಬರುವ ದಾರಿಯಲ್ಲಿ ಡಮಾಸ್ಕಸ್ಸಿನಲ್ಲಿ ತಿಳಿಯಿತು. ಊರು ಸಮೀಪಿಸಿದಾಗ, ತಾಯಿಯೂ ಮಹಾಮಾರಿಯಿಂದ ಮಡಿದಳೆಂದು ಕೇಳಿದನು. ಅನಂತರ ಆತನು ಬಹಳ ದಿನ ಮನೆಯಲ್ಲಿ ನಿಲ್ಲಲಿಲ್ಲ. ಸ್ಪೇನಿನ ಕಡೆಗೂ ಮರುಭೂಮಿಯ ಆಚೆಯ ಮಾಲಿ ರಾಜ್ಯಕ್ಕೂ ಹೊರಟುಹೋದನು. ಈ ಕಡೆಯ ಎರಡು ಪ್ರವಾಸಗಳನ್ನು ಮೊದಲಿನವುಗಳೊಡನೆ ಒಂದೇ ತಕ್ಕಡಿಯಲ್ಲಿ ತೂಗಲು ನನ್ನ ಮನಸ್ಸು ಒಪ್ಪುವದಿಲ್ಲ. ಹಿಂದೆ ಯಾರೋ ಕಾದಿರುವಾಗ ತಿರುಗುವದು ಬೇರೆ, ಕಾಯುವವರಿಲ್ಲದೆ ತಿರುಗುವದು ಬೇರೆ.

ಇದನ್ನು ಹೇಳುವಾಗ ನಮ್ಮ ದಾರಿಯ ನೆನಪಾಗದೆ ಇರಲಾರದು. 12ನೆಯ ಶತಮಾನದಲ್ಲಿ ಕಲ್ಯಾಣವು ಉರಿದಾಗ ಚನ್ನಬಸವಣ್ಣನವರೊಡನೆ ಶರಣರು ಉಳವಿಯ ಕಡೆಗೆ ನಡೆದರು. ಕಾದರವಳ್ಳಿಯಲ್ಲಿ ಕಾಳಗವಾಯಿತೆಂದು ಪರಂಪರೆಯು ಹೇಳುತ್ತದೆ. ಗಂಗಾಂಬಿಕೆಯವರ ಐಕ್ಯಸ್ಥಳವು ಮುಗುಟಖಾನ ಹುಬ್ಬಳ್ಳಿಯಲ್ಲಿ ಮಲಪ್ರಭೆಯ ನೀರಿನ ನಡುವೆ ಇದೆ. ಡೋಹರ ಕಕ್ಕಯ್ಯನವರದು ಕಕ್ಕೇರಿಯಲ್ಲಿ. ಮಲಪ್ರಭೆಯು ಕಣಕುಂಬಿಯ ಅಡವಿಯಲ್ಲಿ ಹುಟ್ಟಿ, ನಮ್ಮ ಎರೆಯ ಸೀಮೆಯನ್ನು ಹಾಯ್ದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ. ಶರಣರು ನಡೆದದ್ದು ಹೊಳೆಗೆ ಎದುರಾಗಿ, ಹೊಳೆಯು ಬಂದ ದಿಕ್ಕಿಗೆ. ಅವರ ಹಿಂದೆ ಮನೆಯಿರಲಿಲ್ಲ, ಖಡ್ಗವಿತ್ತು. ಅವರು ಜೀವವನ್ನೂ ವಚನದ ಕಟ್ಟುಗಳನ್ನೂ ಉಳಿಸಿಕೊಳ್ಳಲಿಕ್ಕೆ ನಡೆದ ಸೀಮೆಯಲ್ಲಿ ನಾವು ಗೆಜ್ಜೆ ಕಟ್ಟಿಕೊಂಡು ಹೋಗುತ್ತೇವೆ. ಇದರಲ್ಲಿ ಅಪಚಾರವಿದೆಯೆಂದು ಕೆಲವರು ಅನ್ನುವದುಂಟು. ನನಗೆ ಹಾಗೆ ತೋರುವದಿಲ್ಲ. ಅವರು ಅಂಜಿಕೆಯಲ್ಲಿ ನಡೆದ ನೆಲದ ಮೇಲೆ ಮಕ್ಕಳು ಚಕ್ಕಡಿಯಲ್ಲಿ ನಿದ್ದೆ ಹೋಗುವಂತಾದುದು ಅವರಿಗೆ ಪ್ರಿಯವಾಗಿಯೇ ಇರಬೇಕು.

ಆದರೆ ದಾರಿಯಲ್ಲಿ ಸಿಕ್ಕವರೆಲ್ಲರೂ ಪ್ರವಾಸಿಗಳಲ್ಲವೆಂಬದನ್ನು ಮಾತ್ರ ಮರೆಯಬಾರದು. ಮಳೆ ಹೋದ ವರ್ಷ ರಾಮದುರ್ಗದ ಕಡೆಯ ಒಕ್ಕಲು ಗಂಟು ಕಟ್ಟಿಕೊಂಡು ಗೋವೆಗೋ ಮಂಗಳೂರಿಗೋ ಗುಳೆ ಹೋಗುತ್ತದೆ. ಅದೂ ಅದೇ ಬಸ್ಸಿನಲ್ಲಿ, ಅದೇ ಕಿಟಕಿಯ ಮಗ್ಗುಲಿಗೆ. ಜೋಯಿಡಾ ತಾಲೂಕಿಗೆ ಮೊದಲು ಸೂಪಾ ತಾಲೂಕೆಂದೇ ಹೆಸರು. ಕಾಳೀ ನದಿಗೆ ಕಟ್ಟಿದ ಅಣೆಕಟ್ಟಿನಿಂದ 1980ರ ದಶಕದಲ್ಲಿ ಆ ಸೂಪಾ ಪಟ್ಟಣವೇ ನೀರಿನಲ್ಲಿ ಮುಳುಗಿತು; ಅಲ್ಲಿಯ ಜನರಿಗೆ ರಾಮನಗರ ಮೊದಲಾದ ಕಡೆಗಳಲ್ಲಿ ನೆಲೆ ಕೊಟ್ಟರು. ಜಲಾಶಯದ ದಂಡೆಯಲ್ಲಿ ನಿಂತು ನೀರಿನ ಚೆಲುವನ್ನು ಹೊಗಳುವ ನಮ್ಮ ಮಗ್ಗುಲಲ್ಲಿ, ತನ್ನ ಅಂಗಳವು ಎಲ್ಲಿತ್ತೆಂದು ಅದೇ ನೀರಿನಲ್ಲಿ ಹುಡುಕುವವನು ನಿಂತಿರಬಹುದು. ಅಂಥಲ್ಲಿ ದನಿ ತಗ್ಗಿಸಿ ಮಾತನಾಡುವದು ಒಳ್ಳೆಯದು.

ಮುಗಿಸುವ ಮೊದಲು ಒಂದು ಬಿನ್ನಹ. ಡಾಂಬರಿನ ರಸ್ತೆಯು ಮೋಟಾರಿಗೆ ಸುಖ, ಎತ್ತಿಗೆ ಕಷ್ಟ. ಗೊರಸು ಜಾರುತ್ತದೆ, ನಾಲು ಬೇಗ ಸವೆಯುತ್ತದೆ. ಹಿಂದೆ ವಸ್ತಿಗೊಂದರಂತೆ ಇದ್ದ ಕಲ್ಲಿನ ದೋಣಿಗಳು ರಸ್ತೆಯು ಅಗಲವಾಗುತ್ತ ಹಲವೆಡೆ ಕಿತ್ತುಹೋಗಿವೆ. ಈ ಮಹೋತ್ಸವದ ನೆನಪಿಗೆ ಭಕ್ತರು ಮಠಕ್ಕೆ ಏನೇನೋ ಕಾಣಿಕೆಗಳನ್ನು ಸಲ್ಲಿಸುತ್ತಿದ್ದೀರಿ. ಅದರಲ್ಲಿ ಒಂದು ಪಾಲಿನಿಂದ ಉಳವಿಯ ದಾರಿಯ ವಸ್ತಿಗಳಲ್ಲಿ ದನಗಳಿಗೆ ನೀರಿನ ದೋಣಿಗಳನ್ನೂ, ನಾಲು ಕಟ್ಟುವವನಿಗೊಂದು ಚಪ್ಪರವನ್ನೂ ಮಾಡಿಸಿದರೆ ಬರುವ ಭರತ ಹುಣ್ಣಿಮೆಗೇ ಉಪಯೋಗಕ್ಕೆ ಬಂದೀತು. ಪೂಜ್ಯರು ಮನಸ್ಸು ಮಾಡಬೇಕು.