ಬಾಗಿಲು ಬಾಗಿಲಿನ ಬಂಡಿ ಲೆಕ್ಕ



ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜಗಳೊಡನೆ ನಿತ್ಯವೂ ಕೊಡುಕೊಳೆಯುಳ್ಳ ಈ ಉತ್ತೂರಿನ ಸಭೆಯ ಅಧ್ಯಕ್ಷಪೀಠದಿಂದ, ವರ್ತಕ ಬಂಧುಗಳಾದ ತಮ್ಮ ಮುಂದೆ ಒಂದು ಲೆಕ್ಕದ ವಿಷಯವನ್ನು ಇಡುತ್ತೇನೆ. ನಮ್ಮ ಉದ್ಯಮಗಳು ದಿನವೊಂದಕ್ಕೆ ಎಷ್ಟು ಗಾಡಿಗಳನ್ನು ಬೀದಿಗೆ ತರುತ್ತವೆಂಬ ಪ್ರಶ್ನೆಯು, ರಸ್ತೆಯನ್ನು ಅಗಲಗೊಳಿಸುವ ಮಾತು ಬಂದಾಗಲೆಲ್ಲ ಮೊದಲು ಏಳತಕ್ಕದ್ದಾಗಿದ್ದರೂ, ಸಾಮಾನ್ಯವಾಗಿ ಏಳುವುದೇ ಇಲ್ಲ; ಎದ್ದರೂ ಟನ್ನುಗಳಲ್ಲಿ ಉತ್ತರ ದೊರೆಯುತ್ತದೆ. ಸರಕಿನ ತೂಕವೇ ಬೇರೆ, ಗಾಡಿಯ ಸುತ್ತುಗಳೇ ಬೇರೆ.

ವಿಠ್ಠಲರಾವ್ ದಾತಾರರು 1904ರಲ್ಲಿ ಮೊದಲ ವಿದ್ಯುನ್ಮಗ್ಗವನ್ನು ಹೂಡಿದ ಇಚಲಕರಂಜಿಯನ್ನೇ ನೋಡಿರಿ. ನಾಲ್ಕು ಮಗ್ಗಗಳ ಒಂದು ಶೆಡ್ಡಿಗೆ, ಗಂಜಿ ಹಚ್ಚಿ ಹಾಸುನೂಲನ್ನು ಸುತ್ತಿದ ಬೀಮು ಸೈಜಿಂಗ್ ಕಾರ್ಖಾನೆಯಿಂದ ಟೆಂಪೋದಲ್ಲಿ ಬರುತ್ತದೆ. ಇಬ್ಬರು ಮೂವರು ಅದನ್ನು ಹೆಗಲಿಗೇರಿಸಿ ಇಕ್ಕಟ್ಟಾದ ಬಾಗಿಲಲ್ಲಿ ಓರೆಮಾಡಿ ಒಳಗೊಯ್ಯುವತನಕ ಹಿಂದಿನ ಗಾಡಿಗಳೆಲ್ಲ ಹಾರ್ನು ಬಾರಿಸುತ್ತ ನಿಂತಿರುತ್ತವೆ. ಆ ಬಳಿಕ ಹೊಕ್ಕುನೂಲಿನ ಚೀಲ, ಬರಿದಾದ ಬೀಮಿನ ಮರುಪ್ರಯಾಣ, ನೆಯ್ದ ತಾನುಗಳು ವ್ಯಾಪಾರಿಯ ಗೋದಾಮಿಗೆ. ಇದರ ಹತ್ತು ಪಟ್ಟು ಮಗ್ಗಗಳುಳ್ಳ ಧಣಿಗೆ ಹತ್ತು ಪಟ್ಟು ಗಾಡಿಗಳು ಬೇಕಾಗವು. ಆತನು ದೊಡ್ಡ ಲಾರಿಯಲ್ಲಿ ಒಮ್ಮೆಗೇ ತರಿಸುತ್ತಾನೆ. ಆದುದರಿಂದ ಸಾವಿರ ಮಗ್ಗಗಳು ನೂರಾರು ಚಿಕ್ಕ ಶೆಡ್ಡುಗಳಲ್ಲಿ ಹಂಚಿಹೋಗಿರುವ ಪೇಟೆಯು, ಅಷ್ಟೇ ಮಗ್ಗಗಳ ಒಂದೇ ಗಿರಣಿಗಿಂತ ಬಹಳ ಹೆಚ್ಚು ಬಂಡಿಗಳನ್ನು ಎಳೆಯುತ್ತದೆ. ಅಮೆರಿಕದಲ್ಲಿ ಹೊಲ್ಗಿನ್-ವೆರಾಸ್ ಮೊದಲಾದ ವಿದ್ವಾಂಸರು 2012ರಲ್ಲಿ ಪ್ರಕಟಿಸಿದ ವರದಿಯೂ, ಅನೇಕ ಬಗೆಯ ಉದ್ಯಮಗಳಲ್ಲಿ ಸುತ್ತುಗಳ ಸಂಖ್ಯೆಯು ನೌಕರರ ಸಂಖ್ಯೆಯನ್ನು ಹಿಂಬಾಲಿಸುವುದಿಲ್ಲವೆಂದೇ ಹೇಳುತ್ತದೆ. ಮಗ್ಗ ದುರಸ್ತಿ ಮಾಡುವ ನಮ್ಮ ಯಾವ ಜಾಬರನನ್ನು ಕೇಳಿದ್ದರೂ ಇದನ್ನೇ ಹೇಳುತ್ತಿದ್ದನೆನ್ನಿ!

ಆ ಜಾಬರನೂ ಲೆಕ್ಕಕ್ಕೆ ಸೇರಬೇಕಾದವನೇ. ಮಗ್ಗ ಕೆಟ್ಟರೆ ಅವನು, ಮೋಟಾರು ಸುಟ್ಟರೆ ರಿವೈಂಡಿಂಗಿನವನು, ತಂತಿ ಕಡಿದರೆ ವೈರಮನ್ನನು, ಸಾಮಾನಿನ ಚೀಲವನ್ನು ಮೋಟಾರುಸೈಕಲ್ಲಿಗೆ ತೂಗುಹಾಕಿಕೊಂಡು ಬರುತ್ತಾರೆ. ತಕ್ಕಡಿಯಲ್ಲಿ ಇವರ ತೂಕ ಶೂನ್ಯ, ಬೀದಿಯಲ್ಲಿ ಇವರ ಸ್ಥಳ ಶೂನ್ಯವಲ್ಲ.

ಶಾಹೂ ಮಹಾರಾಜರ ಕಾಲದಿಂದ ಬೆಳೆದುಬಂದ ಕೊಲ್ಲಾಪುರದ ಬೆಲ್ಲದ ಪೇಟೆಯ ಸ್ವಭಾವ ಬೇರೆ: ಆಲೆಮನೆಗಳು ಹೊಗೆಯಾಡುವ ತಿಂಗಳುಗಳಲ್ಲಿ ಗಾಡಿಗಳ ಸಾಲು, ಮಳೆಗಾಲದಲ್ಲಿ ಬಿಡುವು. ಗಡಹಿಂಗ್ಲಜದ ಮೆಣಸಿನಕಾಯಿಗೂ ಅದರದೇ ಋತುವುಂಟು. ಯಾವುದೋ ಒಂದು ವಾರದ ಎಣಿಕೆಯಿಂದ ವರ್ಷದ ಹಣೆಬರಹವನ್ನು ಓದುವ ಅಧಿಕಾರಿಯು ಎರಡು ಕಡೆಯೂ ಎಡವುವನು.

ಸರಕಾರದ ಬಳಿ 2018ರಿಂದ ಸರಕು ಸಾಗಣೆಯ ಇ-ವೇ ಬಿಲ್ಲುಗಳಿವೆಯಲ್ಲ ಎಂದು ತಾವು ಕೇಳಬಹುದು. ರಾಜ್ಯದ ಗಡಿ ದಾಟುವ ಸರಕಿನಲ್ಲಿ ಅದು ಸಾಮಾನ್ಯವಾಗಿ 50,000 ರೂಪಾಯಿಗೆ ಮೇಲ್ಪಟ್ಟ ಬೆಲೆಯ ಮಾಲಿಗೆ ಮಾತ್ರ ಬೇಕು. ಗಡಿಯಾಚೆಯ ನಿಪ್ಪಾಣಿಯಿಂದಲೋ ಸಂಕೇಶ್ವರದಿಂದಲೋ ಬರುವ ಚಿಕ್ಕ ಟೆಂಪೋ ಅದರ ಕಣ್ಣಿಗೆ ಬೀಳದೆ ಹೋಗಬಹುದು. ಬಾಗಿಲು ಬಾಗಿಲಿಗೆ ಹೋಗಿ ಕೇಳದೆ ಗತ್ಯಂತರವಿಲ್ಲ.

ಕೇಳಲು ಬಂದವರನ್ನು ತೆರಿಗೆಯವರೆಂದು ಶಂಕಿಸಿ ಬಾಗಿಲು ಮುಚ್ಚುವ ನಮ್ಮ ಅಭ್ಯಾಸವನ್ನು ಬಲ್ಲೆನಾದುದರಿಂದ, ಎಣಿಕೆಯ ಕಾಗದದಲ್ಲಿ ಮಾಲಿನ ಬೆಲೆಯನ್ನಾಗಲಿ ಧಣಿಯ ಹೆಸರನ್ನಾಗಲಿ ಬರೆಯಕೂಡದೆಂದು ನಗರಸಭೆಗಳಿಗೆ ವಿನಂತಿಸುತ್ತೇನೆ. ಅಷ್ಟು ಭರವಸೆ ದೊರೆತ ಮೇಲೆ, ಆವಕ ಜಾವಕದ ವಹಿಯನ್ನು ಅವರ ಮುಂದೆ ಬಿಚ್ಚಿಡಿರೆಂದು ತಮ್ಮೆಲ್ಲರಲ್ಲಿ ನನ್ನ ಅರಿಕೆ.