ಬೋಟಾ, ವಿಮಾನಾನಾ? ಬ್ಲೂ ಹೋಲ್‌ಗೆ ಅಪ್ಪನ ಜೊತೆ

ವಿಜಯನಗರದ ನಮ್ಮನೆ ಮಹಡಿ ರೂಮಿಂದ ಮಾತಾಡ್ತಿದ್ದೀನಿ. ಮಧ್ಯೆ ಕುಕ್ಕರ್ ಕೂಗಿದ್ರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.

ಹೋದ ವರ್ಷ ನಾನು, ಅಪ್ಪ ಹ್ಯೂಸ್ಟನ್‌ನಲ್ಲಿರೋ ಅಕ್ಕನ ಮನೆಗೆ ಹೋಗಿದ್ವಿ. ಅಲ್ಲಿಂದ ಎಲ್ಲರೂ ಮಧ್ಯ ಅಮೆರಿಕದ ಪುಟ್ಟ ದೇಶ ಬೆಲೀಜ್‌ಗೆ. ಕಾರಣ, ಸಮುದ್ರದ ನಡುವೆ ಇರೋ ಗ್ರೇಟ್ ಬ್ಲೂ ಹೋಲ್. ಅಪ್ಪ ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲಿ ಮೂವತ್ತು ವರ್ಷ ಲೇತ್ ಮೇಲೆ ಕೆಲಸ ಮಾಡಿದವರು. ಫೋಟೋ ನೋಡಿದ ತಕ್ಷಣ, "ಯಾರೋ ಇದು, ಇಷ್ಟು ನೀಟಾಗಿ ಬೋರ್ ಮಾಡಿರೋದು?" ಅಂದ್ರು.

ಯಾರೂ ಮಾಡಿಲ್ಲ. ಹಿಮಯುಗದಲ್ಲಿ ಸಮುದ್ರದ ಮಟ್ಟ ತುಂಬಾ ಕೆಳಗಿತ್ತು. ಆಗ ಅದು ಸುಣ್ಣದಕಲ್ಲಿನ ಒಣ ಗುಹೆ. ಚಾವಣಿ ಕುಸೀತು, ಸಮುದ್ರ ಏರಿ ಒಳಗೆ ನೀರು ತುಂಬ್ತು. ಗುಹೆಯಲ್ಲಿ ಹನಿ ಹನಿಯಾಗಿ ಬೆಳೆದ ಕಲ್ಲಿನ ಕಂಬಗಳು ಸುಮಾರು 40 ಮೀಟರ್ ಆಳದಲ್ಲಿ ಈಗಲೂ ನೇತಾಡ್ತಿವೆ. ಗುಂಡಿಯ ಅಗಲ 300 ಮೀಟರಿಗೂ ಜಾಸ್ತಿ, ಆಳ ಸುಮಾರು 124 ಮೀಟರ್. ಒರಾಯನ್ ಮಾಲ್ ಪಕ್ಕದ ವರ್ಲ್ಡ್ ಟ್ರೇಡ್ ಸೆಂಟರನ್ನ ಅದರೊಳಗೆ ಇಳಿಸಿದ್ರೆ ತುದಿ ಮಾತ್ರ ಕಾಣತ್ತೆ. 1971ರಲ್ಲಿ ಜಾಕ್ ಕುಸ್ಟೋ ತನ್ನ ಹಡಗು ತಗೊಂಡು ಹೋದ ಮೇಲೆ ಜಗತ್ತಿಗೆಲ್ಲ ಗೊತ್ತಾಯ್ತು. 2018ರಲ್ಲಿ ಸಬ್‌ಮರೀನ್‌ನಲ್ಲಿ ತಳಕ್ಕೆ ಇಳಿದವರಿಗೆ ಅಲ್ಲೂ ಪ್ಲಾಸ್ಟಿಕ್ ಬಾಟಲಿ ಸಿಕ್ತು.

ನಾನು ಬಿಕಾಂ ಅಲ್ವಾ, ಎಕ್ಸೆಲ್ ಶೀಟ್ ಮಾಡಿದೆ. ನಾವು ಉಳ್ಕೊಂಡಿದ್ದ ಸ್ಯಾನ್ ಪೆಡ್ರೋದಿಂದ ಬೋಟಲ್ಲಿ ಹೋಗೋಕೇ ಎರಡು ಗಂಟೆಗೂ ಮೇಲೆ, ಇಡೀ ದಿನದ ಟ್ರಿಪ್. ಪುಟ್ಟ ವಿಮಾನದಲ್ಲಾದ್ರೆ ಸುತ್ತು ಹೊಡೆದು ವಾಪಸ್ ಬರೋಕೆ ಹತ್ತಿರ ಹತ್ತಿರ ಒಂದು ಗಂಟೆ. ಅಪ್ಪಂಗೆ ಬೈಪಾಸ್ ಆಗಿದೆ, ಅಲೆ ಮೇಲೆ ಕುಲುಕಾಟ ಬೇಡ. ಅವರಿಗೆ ವಿಮಾನ. ನಾನು ಮುರುಡೇಶ್ವರದ ನೇತ್ರಾಣಿಯಲ್ಲಿ ಡೈವಿಂಗ್ ಮಾಡಿದ್ದ ಜಂಬದಲ್ಲಿ ಬೋಟ್ ತಗೊಂಡೆ. ಅಕ್ಕ ಮಗು ಜೊತೆ ರೂಮಲ್ಲಿ ಉಳಿದಳು.

ದಾರಿಯಲ್ಲಿ ಎರಡು ಸಲ ವಾಂತಿ. ನನ್ನ ಸರ್ಟಿಫಿಕೇಟ್ 18 ಮೀಟರಿಗೆ ಮಾತ್ರ, ಹಾಗಾಗಿ ಆ ಕಲ್ಲುಗಳ ತನಕ ಇಳಿಯೋ ಹಾಗಿಲ್ಲ. ಸ್ನಾರ್ಕೆಲ್ ಹಾಕ್ಕೊಂಡು ಅಂಚಲ್ಲೇ ಈಜಿದೆ. ಹವಳ, ಮೀನು ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಆದ್ರೆ ಫೋಟೋದಲ್ಲಿರೋ ಆ ವೃತ್ತ? ಬೋಟಿಂದ ಕಾಣಲ್ಲ. ನೀರಿನ ಬಣ್ಣ ಕಡುನೀಲಿ ಆಗತ್ತೆ, ಅಷ್ಟೇ.

ಸಾಯಂಕಾಲ ಅಪ್ಪ ಪೇಪರ್ ನ್ಯಾಪ್ಕಿನ್ ಮೇಲೆ ಪೆನ್ನಲ್ಲಿ ವೃತ್ತ ಬರೆದು ತೋರಿಸಿದ್ರು. "ಪೂರ್ತಿ ರೌಂಡಿಲ್ಲ ಕಣೋ. ಉತ್ತರಕ್ಕೆ ಸ್ವಲ್ಪ ಒಡೆದಿದೆ." ಆಮೇಲೆ ಮೆಲ್ಲಗೆ, "ಪಕ್ಕದಲ್ಲಿ ಕೂತಿದ್ದವರಿಗೆ ಹೇಳೋಣ ಅಂದ್ಕೊಂಡೆ, ಇಂಗ್ಲಿಷ್ ಬರ್ಲಿಲ್ಲ" ಅಂದ್ರು.

ಶೀಟಲ್ಲಿ ಸಮಯ, ದುಡ್ಡು, ಆರೋಗ್ಯ ಎಲ್ಲಕ್ಕೂ ಕಾಲಂ ಇತ್ತು. ಅಪ್ಪನ ಪಕ್ಕ ಯಾರು ಕೂರ್ತಾರೆ ಅನ್ನೋದಕ್ಕೆ ಇರಲಿಲ್ಲ.

ಹಾಗಾಗಿ ನನ್ನ ಸಲಹೆ ಇಷ್ಟೇ. ಆಳಕ್ಕೆ ಇಳಿಯೋ ಅನುಭವ ಇದ್ರೆ ಬೋಟಲ್ಲಿ ಹೋಗಿ. ವೃತ್ತ ನೋಡಬೇಕಂದ್ರೆ ವಿಮಾನ. ಮನೆಯ ಹಿರಿಯರನ್ನ ಕರ್ಕೊಂಡು ಹೋದ್ರೆ, ಎರಡು ಸೀಟು ಬುಕ್ ಮಾಡಿ.

ಆ ನ್ಯಾಪ್ಕಿನ್ ಈಗ ನನ್ನ ಮೈಕ್ ಪಕ್ಕದಲ್ಲೇ ಇದೆ. ಮುಂದಿನ ವಾರ ಸಿಗೋಣ.