ಟ್ರ್ಯಾಕಿಗೆ ಇಳಿಯುವ ಮುನ್ನ

(ಮಹಿಳಾ ವೇದಿಕೆಯ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಹೋದ ತಿಂಗಳು ಇದೇ ಜಾಗದಲ್ಲಿ ಮಂಡಿನೋವಿನ ಬಗ್ಗೆ ಡಾಕ್ಟರ್ ಮಾತಾಡಿದರು. ಅದರ ಹಿಂದಿನ ತಿಂಗಳು ಚುಕ್ಕಿ ರಂಗೋಲಿ. ಈ ಸಲ ವಾಟ್ಸಾಪ್‌ನಲ್ಲಿ "ಸ್ಪೋರ್ಟ್ಸ್ ಕಾರು ಮತ್ತು ರೇಸ್ ಟ್ರ್ಯಾಕ್" ಅಂತ ನೋಡಿ ಇಬ್ಬರು ಫೋನ್ ಮಾಡಿ, "ಯಾರ ಮಗ ಮಾತಾಡೋದು?" ಅಂತ ಕೇಳಿದರು. ಮಗ ಅಲ್ಲ, ನಾನೇ. ವಯಸ್ಸು 51. ವೃತ್ತಿಯಲ್ಲಿ ಆಡಿಟರ್. ಕಾರಿನ ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ಆಮೇಲೆ ಕಾಫಿ ಹೊತ್ತಿಗೆ ಎಲ್ಲರೂ ಬೆಲೆ ಒಂದನ್ನೇ ಕೇಳುತ್ತೀರಿ. ಎರಡು ಬಾಗಿಲು, ಸೆಕೆಂಡ್ ಹ್ಯಾಂಡ್, ಕೈಯಲ್ಲಿ ಗೇರ್ ಹಾಕುವ ಗಾಡಿ. ಅಷ್ಟು ಸಾಕು.

ಅದು ನನ್ನ ಆಸೆಯ ಕಾರೂ ಅಲ್ಲ. ನಮ್ಮ ಮನೆಯವರು ನಿವೃತ್ತರಾದಾಗ ತಮಗೆ ತಾವೇ ಕೊಟ್ಟುಕೊಂಡ ಉಡುಗೊರೆ. ಕೊಂಡು ಒಂದು ವರ್ಷ ಆಗುವಷ್ಟರಲ್ಲಿ ಅವರ ಎಡ ಮಂಡಿ ಬದಲಿಸಬೇಕಾಯಿತು. ಕ್ಲಚ್ ಒತ್ತುವ ಕಾಲು ಅದೇ. 8 ತಿಂಗಳು ಕಾರು ಹೊದಿಕೆಯ ಕೆಳಗೆ ನಿಂತಿತು. ಅಷ್ಟರಲ್ಲಿ ಅವರು ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನಲ್ಲಿ ಒಂದು ದಿನಕ್ಕೆ ಹಣ ಕಟ್ಟಿಬಿಟ್ಟಿದ್ದರು. ವಿಚಾರಿಸಿದರೆ, ದುಡ್ಡು ವಾಪಸ್ ಬರುವುದಿಲ್ಲ, ಬೇಕಾದರೆ ಹೆಸರು ಬದಲಾಯಿಸಬಹುದು ಎಂದರು. "ನೀನು ಹೋಗು" ಅಂದರು ಇವರು. ನಾನು ಅಡಿಗೆಮನೆಗೆ ಹೋದೆ. ಉತ್ತರ ಕೊಡಲಿಲ್ಲ.

ಯಾಕೆ ಅಂತ ಇಲ್ಲಿ ಕೆಲವರಿಗೆ ಗೊತ್ತಿದೆ. ಅದಕ್ಕೂ 3 ವರ್ಷ ಹಿಂದೆ ಬೆಂಗಳೂರಿಗೆ ಹೋಗುವಾಗ ವಾಣಿಯಂಬಾಡಿ ದಾಟಿದ ಮೇಲೆ ಜೋರು ಮಳೆ. ನಮ್ಮ ಮನೆಯ ಮಾಮೂಲಿ ಕಾರನ್ನು ನಾನೇ ಓಡಿಸುತ್ತಿದ್ದೆ, 90ರ ವೇಗ. ರಸ್ತೆಯ ಮೇಲೆ ನೀರು ನಿಂತಿತ್ತು. ಸ್ಟೀರಿಂಗ್ ಒಮ್ಮೆಲೇ ಹಗುರಾಯಿತು. ಬ್ರೇಕ್ ತುಳಿದೆ, ಸ್ಟೀರಿಂಗ್ ತಿರುಗಿಸಿದೆ. ಕಾರು ಒಂದೂವರೆ ಸುತ್ತು ತಿರುಗಿ ಡಿವೈಡರ್‌ಗೆ ಮೂತಿ ತಾಗಿಸಿ ನಿಂತಿತು. ಹಿಂದೆ ಬರುತ್ತಿದ್ದ ಲಾರಿ ದೂರದಲ್ಲಿತ್ತು, ಅದರಿಂದ ನಾನು ಇಲ್ಲಿ ನಿಂತು ಮಾತಾಡುತ್ತಿದ್ದೇನೆ. ಹಿಂದಿನ ಸೀಟಿನಲ್ಲಿ ನಮ್ಮ ಅತ್ತೆ ಇದ್ದರು. ಅವರ ಕನ್ನಡಕ ಹಾರಿ ಎಲ್ಲಿಗೋ ಬಿದ್ದಿತ್ತು. "ಎಲ್ಲರೂ ಇದ್ದೀವಲ್ಲ, ಸಾಕು" ಅಂದರು. ಆಮೇಲೆ ಒಂದು ದಿನವೂ ಆ ಮಾತು ಎತ್ತಲಿಲ್ಲ. ಆದರೆ ನಾನು ಓಡಿಸುವಾಗಲೆಲ್ಲ ಅವರ ಕೈ ಕಿಟಕಿಯ ಮೇಲಿನ ಹಿಡಿಯನ್ನು ಹಿಡಿದಿರುತ್ತಿತ್ತು. ಕನ್ನಡಿಯಲ್ಲಿ ಕಾಣುತ್ತಿತ್ತು ನನಗೆ. ನಾನು ಹೆದ್ದಾರಿಯಲ್ಲಿ ಓಡಿಸುವುದನ್ನೇ ಬಿಟ್ಟೆ.

ಇವರು ಆ ದಿನ ರಾತ್ರಿ ಊಟಕ್ಕೆ ಕೂತಾಗ ಒಂದೇ ಮಾತು ಹೇಳಿದರು: "ಅಲ್ಲಿ ಲಾರಿ ಇರೋದಿಲ್ಲ." ಅದು ನನ್ನ ತಲೆಯಲ್ಲಿ ಕೂತಿತು.

ಮೊದಲು ಒಂದು ಮಾತು. ಟ್ರ್ಯಾಕ್ ಡೇ ಅಂದರೆ ರೇಸ್ ಅಲ್ಲ. ಬಹುಮಾನ ಇಲ್ಲ, ಮೊದಲು ಬಂದವರು ಯಾರು ಎಂಬ ಲೆಕ್ಕ ಇಲ್ಲ. 15-20 ನಿಮಿಷದ ಸರದಿಗಳಲ್ಲಿ ಬಿಡುತ್ತಾರೆ, ಹೊಸಬರ ಗುಂಪು ಬೇರೆ. ಮುಂದಿನವರು ಕೈ ತೋರಿಸಿ ದಾರಿ ಬಿಟ್ಟರೆ ಮಾತ್ರ, ಅದೂ ಹೇಳಿದ ಜಾಗದಲ್ಲಿ ಮಾತ್ರ, ದಾಟಬೇಕು. ನಮ್ಮ ಊರಿನ ಟ್ರ್ಯಾಕಿನ ಉದ್ದ 3.7 ಕಿಲೋಮೀಟರ್ ಚಿಲ್ಲರೆ, ತಿರುವುಗಳು 12. ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್ ಕಟ್ಟಿಸಿದ್ದು, 1990ರಿಂದ ನಡೆಯುತ್ತಿದೆ. ಅದಕ್ಕೂ ಮುಂಚೆ ಶೋಲಾವರಂನ ಹಳೆಯ ವಿಮಾನ ಪಟ್ಟಿಯಲ್ಲಿ ರೇಸ್ ಆಗುತ್ತಿದ್ದವು. ಹೆಂಗಸರಿಗೇನು ಅಲ್ಲಿ ಕೆಲಸ ಅನ್ನಬೇಡಿ. ಇದೇ ಊರಿನ ಅಲಿಶಾ ಅಬ್ದುಲ್ಲಾ ಬೈಕೂ ಓಡಿಸಿದ್ದಾರೆ, ಕಾರೂ ಓಡಿಸಿದ್ದಾರೆ. ನಮ್ಮ ಬೆಂಗಳೂರಿನ ಐಶ್ವರ್ಯ ಪಿಸ್ಸೆ 2019ರಲ್ಲಿ ಬೈಕ್ ರ‍್ಯಾಲಿಯಲ್ಲಿ ಮಹಿಳೆಯರ ವಿಶ್ವಕಪ್ಪನ್ನೇ ಗೆದ್ದರು.

ಇನ್ನು ಕಾರು. ಅಂಬತ್ತೂರಿನ ಒಂದು ಸಣ್ಣ ಗ್ಯಾರೇಜಿಗೆ ಒಯ್ದೆ. ಎಂಜಿನ್ ಬಗ್ಗೆ ಏನಾದರೂ ಹೇಳುತ್ತಾನೆ ಅಂದುಕೊಂಡಿದ್ದರೆ, ಆ ಮೆಕ್ಯಾನಿಕ್ ಮೊದಲು ತೆಗೆದದ್ದು ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ. ಹೊಸದಾಗಿದ್ದಾಗ ಜೇನುತುಪ್ಪದ ಬಣ್ಣ ಇರಬೇಕಾದದ್ದು ನಮ್ಮ ಕಾಫಿ ಡಿಕಾಕ್ಷನ್ ಹಾಗೆ ಇತ್ತು. ಈ ಎಣ್ಣೆ ಗಾಳಿಯಲ್ಲಿರುವ ತೇವ ಹೀರುತ್ತದೆ. ನಮ್ಮ ಚೆನ್ನೈ ಗಾಳಿಯಲ್ಲಿ ತೇವಕ್ಕೆ ಬರವೇ? ಡಾಟ್ 4 ಅನ್ನುವ ಎಣ್ಣೆ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಟ್ರ್ಯಾಕಿನಲ್ಲಿ ಪ್ರತಿ ತಿರುವಿಗೂ ಜೋರಾಗಿ ಬ್ರೇಕ್ ಹಾಕುತ್ತೀರಿ, ಡಿಸ್ಕ್ ಕಾಯುತ್ತದೆ, ಎಣ್ಣೆ ಕುದಿದು ಆವಿಯ ಗುಳ್ಳೆ ಆಗುತ್ತದೆ. ಎಣ್ಣೆಯನ್ನು ಒತ್ತಿದರೆ ಕುಗ್ಗುವುದಿಲ್ಲ, ಗುಳ್ಳೆ ಕುಗ್ಗುತ್ತದೆ. ನೀವು ತುಳಿದರೆ ಪೆಡಲ್ ಹಿಟ್ಟಿನೊಳಗೆ ಇಳಿದ ಹಾಗೆ ಇಳಿಯುತ್ತದೆ, ಕಾರು ನಿಲ್ಲುವುದಿಲ್ಲ.

ಇದನ್ನು ಕೇಳುವಾಗ ನನಗೆ ನಮ್ಮ ಅಪ್ಪಯ್ಯ ನೆನಪಾದರು. ತೀರ್ಥಹಳ್ಳಿಯಿಂದ ಉಡುಪಿಗೆ ಆಗುಂಬೆ ಘಾಟಿ ಇಳಿಯುವಾಗ, "ಬ್ರೇಕ್ ತುಳೀತಾ ಕೂತರೆ ಬ್ರೇಕೇ ಸುಟ್ಟು ಹೋಗ್ತದೆ, ಗೇರಿನಲ್ಲಿ ಇಳಿಸು" ಅಂತ ಹೇಳದೆ ಒಂದು ಸಲವೂ ಇಳಿದವರಲ್ಲ. ನಾನು ಅದನ್ನು ಹಳೇ ಕಾಲದ ಮಾತು ಅಂದುಕೊಂಡಿದ್ದೆ.

ಟೈರ್ ನೋಡಲು ಚೆನ್ನಾಗಿಯೇ ಇತ್ತು. ಆದರೆ ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಮನೆಗೆ ಹೋದ ಮೇಲೆ ನಿಮ್ಮ ಕಾರಿನದ್ದೂ ನೋಡಿ. ನಮ್ಮದಕ್ಕೆ 7 ವರ್ಷ ಆಗಿತ್ತು, ರಬ್ಬರ್ ಒಣಗಿ ಗಟ್ಟಿಯಾಗಿತ್ತು. ನಾಲ್ಕನ್ನೂ ಬದಲಿಸಿದೆ. ಆ ದುಡ್ಡಿಗೆ ಒಂದು ಒಳ್ಳೇ ಕಾಂಚೀಪುರಂ ಸೀರೆ ಬರುತ್ತಿತ್ತು. ಎರಡು ಬರುತ್ತಿತ್ತು ಅಂತ ಮನೆಯವರು ಅಲ್ಲಿಂದ ಬೆರಳು ತೋರಿಸುತ್ತಿದ್ದಾರೆ. ಬ್ರೇಕ್ ಪ್ಯಾಡ್, ಎಂಜಿನ್ ಆಯಿಲ್, ಕೂಲಂಟ್, ಚಕ್ರದ ನಟ್ ಬಿಗಿ, ಬ್ಯಾಟರಿ ಅಲುಗಾಡದ ಹಾಗೆ ಕಟ್ಟುವುದು, ಇವೆಲ್ಲ ಬೇಗ ಮುಗಿದವು.

ಬೇಗ ಮುಗಿಯದ್ದು ಕಾರಿನ ಒಳಗೆ ಬಿದ್ದಿದ್ದನ್ನು ತೆಗೆಯುವುದು. ಟ್ರ್ಯಾಕಿನಲ್ಲಿ ಕಾರಿನೊಳಗೆ ಬಿಡಿಯಾಗಿ ಒಂದು ನೀರಿನ ಬಾಟಲಿಯೂ ಇರಬಾರದು. ಉರುಳಿ ಬ್ರೇಕ್ ಪೆಡಲಿನ ಕೆಳಗೆ ಸಿಕ್ಕಿಕೊಂಡರೆ ಮುಗಿಯಿತು. ಕೊಡೆ, ಕಾಲೊರೆಸು, ಜಾಕ್, ಮೂರು ಬಟ್ಟೆ ಚೀಲ, ಮದುವೆಯೊಂದರ ತೆಂಗಿನಕಾಯಿ ಎಲ್ಲ ತೆಗೆದೆ. ಕೊನೆಗೆ ಡ್ಯಾಶ್‌ಬೋರ್ಡಿನ ಮೇಲಿನ ಗಣಪ. ಟೇಪ್ ಹಾಕಿ ಅಂಟಿಸಿದ್ದು. ಅದನ್ನೂ ತೆಗೆಯಬೇಕು. ನನಗೆ ಕೈ ಬರಲಿಲ್ಲ. ಅತ್ತೆ ಬಂದು, "ಅವನಿಗೂ ತಲೆ ಸುತ್ತೋದು ಬೇಡ" ಅಂತ ಕಿತ್ತು ಸೆರಗಿನಲ್ಲಿ ಒರೆಸಿ ಒಳಗೆ ಒಯ್ದರು.

ಆಡಿಟರ್ ಆಗಿ ಒಂದು ಎಚ್ಚರಿಕೆ ಹೇಳಲೇಬೇಕು. ನಿಮ್ಮ ಕಾರಿನ ಇನ್ಶೂರೆನ್ಸ್ ಪಾಲಿಸಿ ತೆಗೆದು ಓದಿ. ರೇಸಿಂಗ್, ಸ್ಪೀಡ್ ಟೆಸ್ಟಿಂಗ್‌ಗೆಲ್ಲ ಅನ್ವಯಿಸುವುದಿಲ್ಲ ಅಂತ ಬರೆದಿರುತ್ತದೆ. ಅಲ್ಲಿ ಆದದ್ದು ನಿಮ್ಮದೇ ಖರ್ಚು. ಈ ಕಾರು ನಾಳೆ ಗೋಡೆಗೆ ಹೋದರೆ ನಮ್ಮ ಮನೆ ತಡೆಯುತ್ತದೆಯೇ ಅಂತ ನಾವಿಬ್ಬರು ಕೂತು ಲೆಕ್ಕ ಹಾಕಿದೆವು. ತಡೆಯುತ್ತದೆ, ಕಷ್ಟದಲ್ಲಿ ತಡೆಯುತ್ತದೆ ಅಂತ ಬಂತು. ತಡೆಯುವುದಿಲ್ಲ ಅಂತ ಬಂದಿದ್ದರೆ ನಾನು ಹೋಗುತ್ತಿರಲಿಲ್ಲ.

ಆಮೇಲೆ ನಾನು. ಒಂದು ತಿಂಗಳು ಮುಂಚೆ ಬೆಳಿಗ್ಗೆ ನಡೆಯಲು ಶುರು ಮಾಡಿದೆ, ಕುತ್ತಿಗೆಯ ವ್ಯಾಯಾಮ ಮಾಡಿದೆ. ಹೆಲ್ಮೆಟ್ ಹಾಕಿಕೊಂಡು ಮನೆಯಲ್ಲಿ ಅರ್ಧ ಗಂಟೆ ಕೂತು ಟೀವಿ ನೋಡಿದೆ. ಐವತ್ತರ ಆಚೆಯವರಿಗೆ ಆ ಮೈ ಕಾವು ಏರುವುದು ಅಂದರೆ ಏನು ಅಂತ ಹೇಳಬೇಕಿಲ್ಲ, ಅದರ ಮೇಲೆ ಚೆನ್ನೈ ಬಿಸಿಲಿನಲ್ಲಿ ಹೆಲ್ಮೆಟ್. ಅಭ್ಯಾಸ ಮಾಡಿಕೊಂಡಿದ್ದು ಒಳ್ಳೇದಾಯಿತು. ತುಂಬುತೋಳಿನ ಹತ್ತಿ ಬಟ್ಟೆ, ತೆಳು ಅಟ್ಟೆಯ ಕ್ಯಾನ್ವಾಸ್ ಶೂ. ನೈಲಾನ್ ಬೇಡ, ಬೆಂಕಿಗೆ ಕರಗಿ ಮೈಗೆ ಅಂಟುತ್ತದೆ. ದುಪಟ್ಟಾ ಬೇಡ. ಬಳೆ, ಸರ ಯಾವುದೂ ಬೇಡ.

ಸರ ಅಂದಾಗ ಗೊತ್ತಾಯಿತಲ್ಲ. ಹಿಂದಿನ ರಾತ್ರಿ ತಾಳಿ ಬಿಚ್ಚುವುದೋ ಬೇಡವೋ ಅಂತ ಯೋಚನೆ. ಬಟ್ಟೆ ಒಳಗೆ ಟೇಪ್ ಹಾಕಿ ಅಂಟಿಸಿಕೊಂಡು ಹೋಗಿಬಿಡೋಣ, ಅತ್ತೆಗೆ ಗೊತ್ತಾಗುವುದು ಬೇಡ ಅಂದುಕೊಂಡಿದ್ದೆ. ಅವರು ಬಾಗಿಲಲ್ಲಿ ನಿಂತು ನೋಡಿಬಿಟ್ಟರು. "ಏನದು?" ಅಂದರು. ಹೇಳಿದೆ. "ನಿನ್ನ ಮಾವ ಇದ್ದಾಗ ನನಗೆ ಪಿತ್ತಕೋಶದ ಆಪರೇಷನ್ ಆಯ್ತಲ್ಲ, ಅವತ್ತು ಡಾಕ್ಟರು ತೆಗೀರಿ ಅಂದ ಕೂಡಲೇ ತೆಗೆದುಕೊಟ್ಟೆ. ಅದರಲ್ಲೇನು? ಕೊಡು ಇಲ್ಲಿ" ಅಂತ ಕೈ ಒಡ್ಡಿದರು. ಕುಂಕುಮದ ಭರಣಿಯ ಪಕ್ಕ, ಆ ಗಣಪನ ಮುಂದೆ ಇಟ್ಟರು. ಬೆನ್ನು ತಿರುಗಿಸಿಕೊಂಡೇ, "ನಿಧಾನ ಹೋಗು ಅಂತ ಹೇಳಲ್ಲ, ನಿಧಾನ ಹೋಗೋಕೆ ಅಲ್ಲಿಗ್ಯಾಕೆ ಹೋಗಬೇಕು" ಅಂದರು.

ಬೆಳಿಗ್ಗೆ ಎರಡು ಇಡ್ಲಿ, ಒಂದು ಫ್ಲಾಸ್ಕ್ ನೀರು ಮಜ್ಜಿಗೆ. ಆರೂವರೆಗೆ ಅಲ್ಲಿದ್ದೆವು. ಮನೆಯವರು ಊರುಗೋಲು ಹಿಡಿದು ಮಡಚುವ ಕುರ್ಚಿಯಲ್ಲಿ. ಕಾರಿನ ತಪಾಸಣೆ, ಹೆಲ್ಮೆಟ್ ತಪಾಸಣೆ, ಸಹಿ. ಆಮೇಲೆ ಬಾವುಟದ ಪಾಠ. ಹಳದಿ ಅಂದರೆ ಮುಂದೆ ಅಪಾಯ, ನಿಧಾನಿಸು, ಯಾರನ್ನೂ ದಾಟಬೇಡ. ಕೆಂಪು ಅಂದರೆ ಎಲ್ಲ ನಿಂತಿತು, ಮೆಲ್ಲಗೆ ಪಿಟ್‌ಗೆ ಬಾ. ನೀಲಿ ಅಂದರೆ ಹಿಂದೆ ವೇಗದವರು ಇದ್ದಾರೆ. ನಾನು ನೀಲಿಯನ್ನು ಬಹಳ ನೋಡಿದೆ.

ಪಕ್ಕದ ಸೀಟಿನಲ್ಲಿ ಕಲಿಸುವ ಹುಡುಗ, ನನ್ನ ಮಗಳ ವಯಸ್ಸು. ಮೊದಲು "ಆಂಟಿ" ಅಂದ, ಎರಡನೇ ಸುತ್ತಿಗೆ "ಮೇಡಂ" ಆಯಿತು. ಅವನು ಕಲಿಸಿದ್ದು ಸರಳ. ಬ್ರೇಕ್ ಎಲ್ಲ ನೇರ ದಾರಿಯಲ್ಲೇ ಮುಗಿಸು, ಆಮೇಲೆ ತಿರುಗಿಸು. ಹೊರಗಿನಿಂದ ಒಳಕ್ಕೆ, ಒಳಗಿನಿಂದ ಹೊರಕ್ಕೆ. ಕಣ್ಣು ಬಾನೆಟ್ ಮೇಲೆ ಬೇಡ, ಹೋಗಬೇಕಾದ ಕಡೆ ಇರಲಿ. ಕಣ್ಣು ಹೋದ ಕಡೆ ಕೈ ಹೋಗುತ್ತದೆ. ಮೊದಲ ಎರಡು ಸರದಿ ಚೆನ್ನಾಗಿಯೇ ಆಯಿತು. ಅದೇ ತೊಂದರೆ.

ಮೂರನೇ ಸರದಿಯಲ್ಲಿ ಒಂದು ತಿರುವಿಗೆ ಸ್ವಲ್ಪ ಜೋರಾಗಿ ಹೋದೆ. ಅರ್ಧ ತಿರುವಿನಲ್ಲಿ ಹೆದರಿಕೆ ಆಯಿತು, ಆಕ್ಸಿಲರೇಟರಿನಿಂದ ಕಾಲು ಥಟ್ಟನೆ ಎತ್ತಿದೆ. ಹಾಗೆ ಎತ್ತಿದರೆ ಕಾರಿನ ಭಾರ ಮುಂದಕ್ಕೆ ಬರುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ. ಬಾಲ ಹೊರಗೆ ಬಂತು. ಸ್ಟೀರಿಂಗ್ ಹಗುರಾಯಿತು. ಅದೇ, ಅದೇ ವಾಣಿಯಂಬಾಡಿ. "ಕ್ಲಚ್, ಬ್ರೇಕ್, ಎರಡೂ!" ಅಂತ ಅವನು ಕೂಗಿದ. ಎರಡನ್ನೂ ತುಳಿದೆ. ಕಾರು ಸುತ್ತಿ ಹುಲ್ಲಿನ ಮೇಲೆ ಹೋಗಿ, ಬಂದ ದಾರಿಗೇ ಮುಖ ಮಾಡಿ ನಿಂತಿತು. ಧೂಳು. ದೂರದಲ್ಲಿ ಹಳದಿ ಬಾವುಟ ಬೀಸುತ್ತಿದ್ದರು. ನನಗಾಗಿ ಬೀಸುತ್ತಿದ್ದಾರೆ ಅಂತ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಪಿಟ್‌ಗೆ ಬಂದೆವು. ಟೈರಿಗೆ ಕಲ್ಲು ಸಿಕ್ಕಿದೆಯೇ, ಕೆಳಗೆ ಏನಾದರೂ ಹರಿದಿದೆಯೇ ಅಂತ ಅವರು ನೋಡುವಾಗ ನಾನು ಆ ಹುಡುಗನಿಗೆ ಮಳೆಯ ಕಥೆ ಹೇಳಿದೆ. ಮನೆಯ ಹೊರಗೆ ಯಾರಿಗೂ ಅಷ್ಟು ವಿವರವಾಗಿ ಹೇಳಿರಲಿಲ್ಲ. ಅವನು ಸಮಾಧಾನ ಹೇಳಲಿಲ್ಲ, ಪ್ರಶ್ನೆ ಕೇಳಿದ. ಟೈರ್ ಎಷ್ಟು ಹಳೆಯದು? ಸ್ಟೀರಿಂಗ್ ಎಷ್ಟು ತಿರುಗಿಸಿದಿರಿ? ಆಮೇಲೆ ಹೇಳಿದ: ನೀರಿನ ಮೇಲೆ ಟೈರ್ ತೇಲುವಾಗ ಬ್ರೇಕೂ ಕೇಳುವುದಿಲ್ಲ, ಸ್ಟೀರಿಂಗೂ ಕೇಳುವುದಿಲ್ಲ. ಆಗ ಕಾಲನ್ನು ಮೆಲ್ಲಗೆ ಸಡಿಲಿಸಿ ಸ್ಟೀರಿಂಗ್ ನೇರ ಹಿಡಿದು ಕಾಯಬೇಕು. ನೀವು ತಿರುಗಿಸಿ ಹಿಡಿದಿದ್ದಿರಿ, ನೀರು ದಾಟಿ ಟೈರ್ ನೆಲ ಕಚ್ಚಿದ ಕೂಡಲೇ ಅದು ತಿರುಗಿಸಿದ ಕಡೆಗೇ ಎಳೆಯಿತು.

ಮೂರು ವರ್ಷ ನಾನು ಅಂದುಕೊಂಡಿದ್ದು, ಸ್ಟೀರಿಂಗ್ ತಿರುಗಿಸಿದ್ದರಿಂದ ಬಚಾವಾದೆವು ಅಂತ. ಹಾಗಂತ ಆ ಒಂದು ಕ್ಷಣದ ತಪ್ಪು ಅಂತಲೂ ನಾನು ಈಗ ಹೇಳುವುದಿಲ್ಲ. ಆ ಮಳೆಗೆ 90ರಲ್ಲಿ, ಆ ಸವೆದ ಟೈರಿನಲ್ಲಿ ಹೋದದ್ದೇ ತಪ್ಪು. ಅದು ಅತ್ತೆ ಹತ್ತಿ ಕೂರುವ ಮೊದಲೇ ಆಗಿದ್ದ ತಪ್ಪು.

ನಾಲ್ಕನೇ ಸರದಿಗೆ ಕರೆದರು. ಮನೆಯವರು ಏನೂ ಹೇಳಲಿಲ್ಲ, ಹೆಲ್ಮೆಟ್ ಎತ್ತಿ ಕೊಟ್ಟರು. ಹೋದೆ. ಅದೇ ತಿರುವಿಗೆ ಹತ್ತು ಅಡಿ ಮುಂಚೆ ಬ್ರೇಕ್ ಮುಗಿಸಿ, ಕಾಲು ಅಲುಗಿಸದೆ ದಾಟಿದೆ. ಐದು ಸುತ್ತು. ಕೊನೆಯ ಸುತ್ತು ಬ್ರೇಕ್ ಮುಟ್ಟದೆ ತಣ್ಣಗಾಗಲು ಬಿಟ್ಟು ಬಂದೆ. ಕಾರು ನಿಲ್ಲಿಸಿದ ಮೇಲೆ ಹ್ಯಾಂಡ್ ಬ್ರೇಕ್ ಎಳೆಯಬಾರದು, ಕಾದ ಪ್ಯಾಡ್ ಡಿಸ್ಕಿಗೆ ಅಂಟುತ್ತದೆ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಅಡ್ಡ ಕಟ್ಟೆ ಇಡಬೇಕು. ಎಷ್ಟು ಸೆಕೆಂಡಿನಲ್ಲಿ ಸುತ್ತಿದೆ ಅಂತ ಇವರು ಬರೆದುಕೊಂಡಿದ್ದಾರೆ. ಗುಂಪಿನಲ್ಲಿ ಕೊನೆಯಿಂದ ಎರಡನೆಯವಳು. ಕೊನೆಯವನಿಗೆ ಗೇರ್ ತೊಂದರೆ ಇತ್ತು.

ಎರಡು ವಾರ ಬಿಟ್ಟು ಅತ್ತೆ ಕಾಂಚೀಪುರಕ್ಕೆ ಹೋಗಬೇಕು ಅಂದರು. ಮಾಮೂಲಿ ಕಾರು, ಅದಕ್ಕೂ ಹೊಸ ಟೈರ್ ಹಾಕಿಸಿದ್ದೆ. ಶ್ರೀಪೆರುಂಬುದೂರು ಹತ್ತಿರ ಮಳೆ ಹಿಡಿಯಿತು. 50ಕ್ಕೆ ಇಳಿಸಿ ಎಡಕ್ಕೆ ಬಂದೆ. ಅಭ್ಯಾಸಬಲದಿಂದ ಕನ್ನಡಿಯಲ್ಲಿ ನೋಡಿದೆ. ಮೇಲಿನ ಹಿಡಿಯಲ್ಲಿ ಕೈ ಇರಲಿಲ್ಲ. ಎರಡೂ ಕೈಯಲ್ಲಿ ಕಿತ್ತಳೆ ಹಣ್ಣು ಸುಲಿಯುತ್ತಿದ್ದರು. "ಸಿಪ್ಪೆ ಎಲ್ಲಿ ಹಾಕ್ಲೇ? ಚೀಲ ಎಲ್ಲ ತೆಗೆದುಬಿಟ್ಟಿದ್ದೀಯಲ್ಲ" ಅಂದರು.

ಕಾಫಿ ಬಂದಿದೆ ಅಂತ ಸನ್ನೆ ಮಾಡುತ್ತಿದ್ದಾರೆ. ಪ್ರಶ್ನೆ ಇದ್ದರೆ ಕೇಳಿ, ಕಾರಿನ ಬೆಲೆ ಒಂದನ್ನು ಬಿಟ್ಟು.